ಮೆಂತ್ಯ, ಏಕನಾಯಕ, ಬರ್ಬರಿನ್: ಹೊಟ್ಟೆ, ಶುಗರ್, ಬಿಪಿ ಒಟ್ಟಿಗೆ ಏರಿದವರು ಯಾವುದನ್ನು ಆರಿಸುವುದು?

ಹೋದ ಆಟಿಯಲ್ಲಿ, ಅಂದರೆ ನಮ್ಮ ತುಳುವರ ಮಳೆಗಾಲದ ತಿಂಗಳಲ್ಲಿ, ಒಂದು ಸಂಜೆ. ಹೊರಗೆ ಜೋರು ಮಳೆ. ನಾನು ಕೆಲಸ ಮಾಡುವ ಮೆಡಿಕಲ್ ಶಾಪ್ ಉಡುಪಿ ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರವೇ. ಪರಿಚಯದ ರಿಕ್ಷಾ ಡ್ರೈವರ್ ಒಬ್ಬರು ಒಳಗೆ ಬಂದು ಪ್ಲಾಸ್ಟಿಕ್ ತೊಟ್ಟೆಯಿಂದ ಮೂರು ವಸ್ತು ತೆಗೆದು ಕೌಂಟರಿನ ಮೇಲೆ ಇಟ್ಟರು. ರಕ್ತಪರೀಕ್ಷೆಯ ರಿಪೋರ್ಟ್, ಹಸಿರು ಎಲೆಯ ಚಿತ್ರವಿದ್ದ ಕ್ಯಾಪ್ಸೂಲ್ ಡಬ್ಬಿ, ಪೇಪರಿನಲ್ಲಿ ಸುತ್ತಿದ ಬೇರಿನ ತುಂಡುಗಳು.

"ಅಕ್ಕ, ಇದರಲ್ಲಿ ಯಾವುದು ತಗೊಳ್ಳುವುದು ಹೇಳಿ. ಡಬ್ಬಿ ಅಳಿಯ ಕಳಿಸಿದ್ದು. ಬೇರು ಭಾವ ಕಾರ್ಕಳದಿಂದ ತಂದದ್ದು. ಮಾತ್ರೆ ಮಾತ್ರ ಬೇಡ. ಒಮ್ಮೆ ಶುರು ಮಾಡಿದ್ರೆ ಮತ್ತೆ ಬಿಡ್ಲಿಕ್ಕಿಲ್ಲ ಅಂತಾರಲ್ಲ."

ಇಂಥ ಪ್ರಶ್ನೆ ನನಗೆ ವಾರಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಹಿಂದೆ ಗಿರಾಕಿಗಳು ಕಾಯುತ್ತಿರುವಾಗ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಆದರೆ ಯಾರು ಏನು ತೆಗೆದುಕೊಂಡರು, ಮೂರು ತಿಂಗಳ ನಂತರ ಅವರ ರಿಪೋರ್ಟ್ ಏನಾಯಿತು ಎಂದು 14 ವರ್ಷದಿಂದ ಹತ್ತಿರದಿಂದ ನೋಡುತ್ತಿದ್ದೇನೆ.

ಮೊದಲು ಟೇಪ್ ತನ್ನಿ

ಗಿಡ ಆರಿಸುವ ಮೊದಲು ನಿಮ್ಮ ಯಾವ ಸಂಖ್ಯೆ ಹಾಳಾಗಿದೆ ಎಂದು ಗೊತ್ತಿರಬೇಕು. ಮೆಟಬಾಲಿಕ್ ಸಿಂಡ್ರೋಮ್ ಅನ್ನುವುದು ಒಂದೇ ಕಾಯಿಲೆ ಅಲ್ಲ. ಐದು ಅಳತೆಗಳಲ್ಲಿ ಮೂರು ಕೆಟ್ಟಿದ್ದರೆ ಆ ಸ್ಥಿತಿಗೆ ಇಟ್ಟ ಹೆಸರು. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿದರೆ ಒಂದು. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಜಾಸ್ತಿ ಇದ್ದರೆ ಎರಡು. ಟ್ರೈಗ್ಲಿಸರೈಡ್ 150 ಅಥವಾ ಮೇಲೆ ಇದ್ದರೆ ಮೂರು. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುತ್ತೇವಲ್ಲ, ಆ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ನಾಲ್ಕು. ಬಿಪಿ 130/85 ಮುಟ್ಟಿದರೆ ಐದು. ಈಗಾಗಲೇ ಇವಕ್ಕೆ ಮಾತ್ರೆ ತಿನ್ನುತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಸೊಂಟ ಅಳೆಯುವಾಗ ಪ್ಯಾಂಟಿನ ಸೈಜ್ ನಂಬಬೇಡಿ. ನಾವು ಪ್ಯಾಂಟ್ ಕಟ್ಟುವುದೇ ಹೊಟ್ಟೆಯ ಕೆಳಗೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ನೋಡಿ. ಆ ಡ್ರೈವರ್ ಅಣ್ಣನ ಪ್ಯಾಂಟ್ 34. ಟೇಪ್ ಹಿಡಿದರೆ 98 ಸೆಂಟಿಮೀಟರ್, ಅಂದರೆ ಮೂವತ್ತೆಂಟೂವರೆ ಇಂಚು. ಶುಗರ್ 112, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 36. ಕುಳ್ಳಿರಿಸಿ ಬಿಪಿ ನೋಡಿದೆ, 138/88. ಐದಕ್ಕೆ ಐದೂ.

ಈ ಐದನ್ನೂ ಸರಿಮಾಡುವ ಒಂದೇ ಗಿಡ ಇಲ್ಲ. ಹಾಗೆ ಬರೆದಿರುವ ಡಬ್ಬಿ ಕಂಡರೆ ಅಲ್ಲೇ ಕೆಳಗಿಡಿ. ಒಂದೊಂದು ಗಿಡದ ಕೆಲಸ ಒಂದೊಂದು ಜಾಗದಲ್ಲಿ. ಒಂದು ಕರುಳಿನಲ್ಲಿ ಅನ್ನ ಸಕ್ಕರೆಯಾಗುವುದನ್ನು ತಡ ಮಾಡುತ್ತದೆ, ಇನ್ನೊಂದು ಲಿವರಿನ ಮೇಲೆ ಕೆಲಸ ಮಾಡುತ್ತದೆ.

"ಮಾತ್ರೆ ಬೇಡ, ಗಿಡ ಸಾಕು" ಎನ್ನುವವರಿಗೆ ಒಂದು ಮಾತು ಹೇಳಲೇಬೇಕು. ಶುಗರಿಗೆ ಎಲ್ಲರೂ ಬರೆಯುವ ಮೆಟ್‌ಫಾರ್ಮಿನ್‌ನ ಮೂಲವೇ ಒಂದು ಗಿಡ. ಗಲೇಗಾ ಎಂಬ ಯುರೋಪಿನ ಹೂಗಿಡದಲ್ಲಿ ಶುಗರ್ ಇಳಿಸುವ ಗಲೇಗಿನ್ ಎಂಬ ಅಂಶ ಇತ್ತು, ಆದರೆ ಅದರಲ್ಲಿ ವಿಷವೂ ಇತ್ತು. ಅದೇ ಕುಲದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ಡಬ್ಲಿನ್‌ನಲ್ಲಿ ತಯಾರಿಸಿದರು. 1957ರಲ್ಲಿ ಪ್ಯಾರಿಸ್‌ನ ವೈದ್ಯ ಜಾನ್ ಸ್ಟರ್ನ್ ಅದನ್ನು ಸಕ್ಕರೆ ಕಾಯಿಲೆಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಹಾಗಾಗಿ ಗಿಡವೋ ಮಾತ್ರೆಯೋ ಎಂದು ಜಗಳ ಮಾಡುವುದರಲ್ಲಿ ಅರ್ಥ ಇಲ್ಲ. ಎಷ್ಟು ಪ್ರಮಾಣ, ಯಾವ ತೊಂದರೆಗೆ, ಯಾರ ಮೇಲೆ ಪರೀಕ್ಷೆ ಆಗಿದೆ ಎಂದು ಕೇಳಿ.

ಮೆಂತ್ಯ ಮತ್ತು ಇಸಬ್ಗೋಲ್: ನನ್ನ ಮೊದಲ ಆಯ್ಕೆ

ಇದನ್ನು ಓದಿ ಬೇಸರ ಆಗಬಹುದು. ಹೊಸದೇನೂ ಇಲ್ಲವಲ್ಲ ಎಂದು. ಆದರೆ ಅಡುಗೆಮನೆಯಲ್ಲಿ ಇರುವುದರಲ್ಲಿ ಮೆಂತ್ಯದಷ್ಟು ನಂಬಿಕೆಗೆ ಅರ್ಹವಾದದ್ದು ನನಗೆ ಬೇರೆ ಕಂಡಿಲ್ಲ. ಮೆಂತ್ಯ ಕಾಳಿನಲ್ಲಿ ಲೋಳೆಯಾಗುವ ನಾರು ಇದೆ, ಗ್ಯಾಲಕ್ಟೋಮನ್ನನ್ ಎಂದು ಹೆಸರು. ಇದು ಊಟದ ಜೊತೆ ಹೊಟ್ಟೆಯಲ್ಲಿ ಗಂಜಿಯಂತೆ ದಪ್ಪಗಾಗುತ್ತದೆ. ಅನ್ನದ ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗದೆ ನಿಧಾನವಾಗಿ ಇಳಿಯುತ್ತದೆ. ಇನ್ಸುಲಿನ್ ಬಿಡುಗಡೆಗೆ ಸಹಾಯ ಮಾಡುವ ಒಂದು ಅಮೈನೋ ಆಮ್ಲವೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ದಿನಕ್ಕೆ 25 ಗ್ರಾಂ ಮೆಂತ್ಯ ಕೊಟ್ಟು ಪರೀಕ್ಷೆ ಮಾಡಿದ್ದಾರೆ. ಶುಗರ್ ಜೊತೆ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಕೂಡ ಇಳಿದಿತ್ತು.

ಈಗ ನಮ್ಮ ಮನೆಗಳಲ್ಲಿ ಏನು ಮಾಡುತ್ತೇವೆ? ರಾತ್ರಿ ಒಂದು ಚಮಚ ಮೆಂತ್ಯ ಲೋಟದಲ್ಲಿ ನೆನೆಹಾಕಿ, ಬೆಳಿಗ್ಗೆ ನೀರು ಕುಡಿದು, ಕಾಳನ್ನು ತೆಂಗಿನ ಬುಡಕ್ಕೆ ಎಸೆಯುತ್ತೇವೆ. ಕೆಲಸ ಮಾಡುವ ನಾರು ಹೋಗುವುದು ತೆಂಗಿನ ಮರಕ್ಕೆ! ಒಂದು ಟೀ ಚಮಚ ಅಂದರೆ ಬರೀ 4 ಗ್ರಾಂ, ಅದರಲ್ಲೂ ಕಾಳು ಎಸೆದರೆ ಉಳಿಯುವುದೇನು? ಕಾಳನ್ನು ಅಗಿದು ತಿನ್ನಿ. ಕಹಿ ಆಗದವರು ನೆನೆಸಿ ಮೊಳಕೆ ಬರಿಸಿ, ಕಹಿ ಕಡಿಮೆಯಾಗುತ್ತದೆ. ಅಥವಾ ಹುರಿದು ಪುಡಿ ಮಾಡಿಟ್ಟು ಮಜ್ಜಿಗೆಗೆ ಹಾಕಿ. ಮೆಂತ್ಯದ ತಂಬುಳಿ ಇನ್ನೂ ಒಳ್ಳೆಯದು. ಆಟಿ ಅಮಾಸೆಯ ದಿನ ಹಾಲೆ ಮರದ ಕಷಾಯದ ನಂತರ ಉಣ್ಣುವ ಮೆಂತ್ಯ ಗಂಜಿ ಬಗ್ಗೆಯೂ ಕೇಳುತ್ತಾರೆ. ಮೆಂತ್ಯ ಒಳ್ಳೆಯದೇ. ಆದರೆ ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನ ಹಾಲು ಸೇರಿರುತ್ತವೆ, ಹಾಗಾಗಿ ಶುಗರಿನ ಔಷಧ ಎಂದು ಲೆಕ್ಕ ಹಿಡಿಯಲಾಗದು. ವರ್ಷಕ್ಕೊಮ್ಮೆ ಸಂತೋಷದಿಂದ ಉಣ್ಣಿ.

ಒಂದು ಚಮಚದಿಂದ ಶುರು ಮಾಡಿ, ವಾರ ವಾರ ಏರಿಸಿ. ಒಮ್ಮೆಲೇ ಜಾಸ್ತಿ ಮಾಡಿದರೆ ಗ್ಯಾಸ್, ಭೇದಿ ಖಂಡಿತ. ಬೆವರಿಗೆ ಮೆಂತ್ಯದ ವಾಸನೆ ಬರಬಹುದು, ಹೆದರಬೇಡಿ. ಗರ್ಭಿಣಿಯರು ಅಡುಗೆಯ ಪ್ರಮಾಣ ದಾಟಬಾರದು. ರಕ್ತ ತೆಳು ಮಾಡುವ ವಾರ್ಫರಿನ್ ತಿನ್ನುವವರು ಡಾಕ್ಟರಿಗೆ ಹೇಳದೆ ಮೆಂತ್ಯ ಜಾಸ್ತಿ ಮಾಡಬಾರದು.

ಇಸಬ್ಗೋಲ್ ಇದರ ಅಣ್ಣ ಇದ್ದ ಹಾಗೆ. ಮಲಬದ್ಧತೆಗೆ ಮಾತ್ರ ಎಂದು ನಮ್ಮವರು ತಿಳಿದಿದ್ದಾರೆ. ದಿನಕ್ಕೆ ಸುಮಾರು 10 ಗ್ರಾಂ ತೆಗೆದುಕೊಂಡರೆ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಊಟದ ಮೊದಲು ತೆಗೆದುಕೊಂಡರೆ ಶುಗರಿಗೂ ಉಪಕಾರ. ದೊಡ್ಡ ಲೋಟ ನೀರು ಬೇಕೇ ಬೇಕು, ಇಲ್ಲದಿದ್ದರೆ ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ. ಬೇರೆ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇಡಿ. ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ. ಮೆಂತ್ಯದ ಕಹಿ, ವಾಸನೆ ಆಗದವರಿಗೆ, ಕೊಲೆಸ್ಟ್ರಾಲ್ ಕೂಡ ಏರಿದವರಿಗೆ ನಾನು ಇಸಬ್ಗೋಲನ್ನೇ ಹೇಳುತ್ತೇನೆ.

ಏಕನಾಯಕ: ಕುಚಲಕ್ಕಿ ಉಣ್ಣುವವರ ಬೇರು

ಪೇಪರಿನಲ್ಲಿ ಸುತ್ತಿದ್ದ ಬೇರು ಇದೇ. ಹೊರಗೆ ಕಿತ್ತಳೆ ಬಣ್ಣದ ತೊಗಟೆ, ಒಳಗೆ ಗಟ್ಟಿ ಕಟ್ಟಿಗೆ. ನಮ್ಮ ಘಟ್ಟದ ಬುಡದಲ್ಲಿ ಬೆಳೆಯುವ ಬಳ್ಳಿ. ಇದರಲ್ಲಿರುವ ಸಲಾಸಿನಾಲ್ ಎಂಬ ಅಂಶವನ್ನು ಜಪಾನಿನ ವಿಜ್ಞಾನಿಗಳು 1997ರಲ್ಲಿ ಬೇರ್ಪಡಿಸಿದರು. ಅನ್ನವನ್ನು ಸಕ್ಕರೆಯಾಗಿ ಒಡೆಯುವ ಕರುಳಿನ ಕಿಣ್ವವನ್ನು ಇದು ತಡೆಯುತ್ತದೆ. ಅಕಾರ್ಬೋಸ್, ವೋಗ್ಲಿಬೋಸ್ ಎಂಬ ಶುಗರ್ ಮಾತ್ರೆಗಳ ಕೆಲಸವೂ ಇದೇ. ನಮ್ಮ ಹಿರಿಯರು ಸುಮ್ನೆ ಹೇಳಿದ್ದಲ್ಲ ಎಂದು ಇದನ್ನು ಓದಿದಾಗ ನನಗೆ ನಿಜಕ್ಕೂ ಹೆಮ್ಮೆ ಆಗಿತ್ತು.

ಕೆಲಸ ಮಾಡುವ ರೀತಿ ಗೊತ್ತಾದರೆ ಯಾರಿಗೆ ಎಂಬುದೂ ಗೊತ್ತಾಗುತ್ತದೆ. ಊಟದ ನಂತರದ ಶುಗರ್ ಏರುವವರಿಗೆ, ಎರಡು ಹೊತ್ತು ಅನ್ನ, ಬೆಳಿಗ್ಗೆ ನೀರುದೋಸೆ ಎನ್ನುವವರಿಗೆ ಇದು ಸರಿ. ಊಟದ ಜೊತೆಯೇ ತೆಗೆದುಕೊಳ್ಳಬೇಕು. ಬೆಳಗ್ಗೆ ಐದಕ್ಕೆ ಕಷಾಯ ಕುಡಿದು ಹನ್ನೊಂದಕ್ಕೆ ತಿಂಡಿ ತಿಂದರೆ ಕಿಣ್ವ ತಡೆದು ಏನು ಪ್ರಯೋಜನ? ಖಾಲಿ ಹೊಟ್ಟೆಯ ಶುಗರ್ ಮಾತ್ರ ಜಾಸ್ತಿ ಇರುವವರಿಗೆ, ಬಿಪಿಗೆ ಇದರಿಂದ ದೊಡ್ಡ ಉಪಕಾರ ಇಲ್ಲ. ಒಡೆಯದ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಹುದುಗುವುದರಿಂದ ಗ್ಯಾಸ್ ಬರುತ್ತದೆ. ಮೊದಲೇ ವೋಗ್ಲಿಬೋಸ್ ತಿನ್ನುವವರು ಇದನ್ನು ಸೇರಿಸುವುದು ಒಂದೇ ಔಷಧವನ್ನು ಎರಡು ಸಲ ತಿಂದ ಹಾಗೆ.

ಕಷ್ಟ ಇರುವುದು ಬೇರಿನಲ್ಲೇ. ಒಂದು ತುಂಡಿನಲ್ಲಿ ಅಂಶ ಎಷ್ಟಿದೆ ಎಂದು ಯಾರೂ ಹೇಳಲಾರರು. ಬೇರು ಕಿತ್ತರೆ ಬಳ್ಳಿ ಸಾಯುತ್ತದೆ, ಕಾಡಿನಲ್ಲಿ ಈಗಲೇ ಕಡಿಮೆಯಾಗುತ್ತಿದೆ. ಹಾಗಾಗಿ ಲೈಸೆನ್ಸ್ ನಂಬರ್ ಇರುವ ಆಯುರ್ವೇದ ತಯಾರಿಕೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಕುತ್ಪಾಡಿಯ ಆಯುರ್ವೇದ ಕಾಲೇಜು ಉಡುಪಿಯಿಂದ ಎಷ್ಟು ದೂರ? ಅಲ್ಲಿಗೆ ಹೋಗಿ ಕೇಳಬಹುದಲ್ವಾ?

ಇದೇ ಸಾಲಿನಲ್ಲಿ ಜನ ಮಧುನಾಶಿನಿ, ಹಾಗಲ, ಇನ್ಸುಲಿನ್ ಗಿಡ ಕೇಳುತ್ತಾರೆ. ಮಧುನಾಶಿನಿಯ ಎಲೆ ಎರಡು ಅಗಿದು ನಂತರ ಸಕ್ಕರೆ ಬಾಯಿಗೆ ಹಾಕಿ ನೋಡಿ. ಮರಳು ತಿಂದ ಹಾಗೆ ಇರುತ್ತದೆ, ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿಯ ಚಪಲ ಬಿಡಲಾಗದವರಿಗೆ ಇದು ಒಳ್ಳೆಯ ಉಪಾಯ. ಶುಗರ್ ಇಳಿಸುವ ಬಗ್ಗೆ ಇರುವ ಪರೀಕ್ಷೆಗಳು ಸಣ್ಣವು. ಹಾಗಲಕಾಯಿಯನ್ನು ಪಲ್ಯ ಮಾಡಿ ಧಾರಾಳ ತಿನ್ನಿ. ಆದರೆ ಔಷಧವಾಗಿ ಸಾಕಷ್ಟು ಪುರಾವೆ ಇಲ್ಲ ಎಂದು 2012ರ ಕಾಕ್ರೇನ್ ಪರಿಶೀಲನೆ (ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ) ಹೇಳಿದೆ. ಅಂಗಳದ ಇನ್ಸುಲಿನ್ ಗಿಡದ ಹೆಸರು ಕೇಳಿ ಮೋಸ ಹೋಗಬೇಡಿ. ಬಾಯಿಯಿಂದ ಹೋದ ಇನ್ಸುಲಿನ್ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಅದಕ್ಕೇ ಅಲ್ವಾ ಇಂಜೆಕ್ಷನ್ ಕೊಡುವುದು? ಚುಚ್ಚುಮದ್ದು ನಿಲ್ಲಿಸಿ ದಿನಕ್ಕೊಂದು ಎಲೆ ತಿಂದವರನ್ನು ನಾನು ನೋಡಿದ್ದೇನೆ, ಅವರ ಶುಗರ್ 400 ದಾಟಿತ್ತು.

ಬರ್ಬರಿನ್: ಗಿಡದ ಹೆಸರಿನಲ್ಲಿ ಬಂದ ಪೂರ್ತಿ ಔಷಧ

ಮರದರಿಶಿನದ ಹಳದಿ ಕಟ್ಟಿಗೆಯ ಬಣ್ಣವೇ ಬರ್ಬರಿನ್. ಹಿಮಾಲಯದ ದಾರುಹರಿದ್ರದಲ್ಲೂ ಇದೆ. ಮಾರುಕಟ್ಟೆಯಲ್ಲಿರುವ ಸಸ್ಯದ ಅಂಶಗಳಲ್ಲಿ ಶುಗರ್ ಮತ್ತು ಕೊಬ್ಬು ಎರಡರ ಮೇಲೂ ಜೋರಾಗಿ ಕೆಲಸ ಮಾಡುವುದು ಇದೇ ಎಂದು ನನ್ನ ಅಭಿಪ್ರಾಯ. ಚೀನಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದ 36 ಜನರಲ್ಲಿ ಒಂದು ಗುಂಪಿಗೆ ಬರ್ಬರಿನ್, ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಕೊಟ್ಟರು. ಎರಡೂ ದಿನಕ್ಕೆ ಮೂರು ಸಲ 500 ಮಿಲಿಗ್ರಾಂ. ಮೂರು ತಿಂಗಳಲ್ಲಿ ಬರ್ಬರಿನ್ ಗುಂಪಿನ, ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.5ರಿಂದ 7.5ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್‌ಗೆ ಹತ್ತಿರ ಹತ್ತಿರ ಸಮ. ಟ್ರೈಗ್ಲಿಸರೈಡ್ ಕೂಡ ಇಳಿಯಿತು.

ಹಾಗಾದರೆ ಇದನ್ನೇ ತಗೊಳ್ಳಬಹುದಲ್ಲ ಎಂದು ಕೇಳುತ್ತೀರಿ. ಇಷ್ಟು ಬಲ ಇರುವುದರಿಂದಲೇ ಇದನ್ನು ಔಷಧದಂತೆ ನೋಡಬೇಕು. 36 ಜನ ಅಂದರೆ ಸಣ್ಣ ಪರೀಕ್ಷೆ. ಮೆಟ್‌ಫಾರ್ಮಿನ್‌ಗೆ ಲಕ್ಷಾಂತರ ಜನರ, ಹತ್ತಾರು ವರ್ಷಗಳ ಅನುಭವ ಇದೆ. ಬರ್ಬರಿನ್ ಲಿವರಿನಲ್ಲಿ ಬೇರೆ ಮಾತ್ರೆಗಳನ್ನು ಕರಗಿಸುವ ಕಿಣ್ವಗಳಿಗೂ ಅಡ್ಡ ಬರುತ್ತದೆ. ಕೊಲೆಸ್ಟ್ರಾಲಿನ ಕೆಲವು ಸ್ಟ್ಯಾಟಿನ್ ಮಾತ್ರೆಗಳು, ಕಿಡ್ನಿ ಕಸಿಯಾದವರ ಸೈಕ್ಲೋಸ್ಪೋರಿನ್ ಇವೆಲ್ಲ ರಕ್ತದಲ್ಲಿ ಏರಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮುಟ್ಟಲೇಬಾರದು. ನವಜಾತ ಶಿಶುವಿನ ಕಾಮಾಲೆ ಮಿದುಳಿಗೆ ಏರುವ ಅಪಾಯ ಇದೆ. ಹೊಟ್ಟೆ ಹಿಂಡುವುದು, ಭೇದಿ ಸಾಮಾನ್ಯ.

ಡಬ್ಬಿಯ ಮೇಲೆ "ದಾರುಹರಿದ್ರ ಸಾರ 500" ಎಂದಿದ್ದರೆ ಒಳಗೆ ಬರ್ಬರಿನ್ 500 ಇದೆ ಎಂದು ತಿಳಿಯಬೇಡಿ. ಶೇಕಡಾ ಎಷ್ಟು ಎಂದು ಹುಡುಕಿ. ಬರೆಯದಿದ್ದರೆ ಬಿಡಿ. ಕಾಡಿನ ಮರದರಿಶಿನ ತಂದುಕೊಡುತ್ತೇನೆ ಎನ್ನುವವರಿಗೂ ಬೇಡ ಎನ್ನಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಅದು ಅಳಿವಿನ ಅಂಚಿಗೆ ಬಂದಿದೆ.

ಅರಿಶಿನ ಮತ್ತು ಚಕ್ಕೆ

ಅರಿಶಿನದ ಕರ್ಕುಮಿನ್ ಬಗ್ಗೆ ಥಾಯ್ಲೆಂಡಿನಲ್ಲಿ 240 ಜನರ ಮೇಲೆ ಒಂಬತ್ತು ತಿಂಗಳ ಪರೀಕ್ಷೆ ನಡೆದು 2012ರಲ್ಲಿ ಪ್ರಕಟವಾಯಿತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದವರು ಅವರು. ಔಷಧ ಇಲ್ಲದ ಸುಳ್ಳು ಮಾತ್ರೆ ತಿಂದವರಲ್ಲಿ ಶೇಕಡಾ 16ರಷ್ಟು ಜನರಿಗೆ ಕಾಯಿಲೆ ಬಂತು, ಕರ್ಕುಮಿನ್ ತಿಂದವರಲ್ಲಿ ಯಾರಿಗೂ ಬರಲಿಲ್ಲ. ಆಸೆ ಹುಟ್ಟಿಸುವ ಫಲಿತಾಂಶ. ಆದರೆ ಅರಿಶಿನ ಪುಡಿಯಲ್ಲಿ ಕರ್ಕುಮಿನ್ ಇರುವುದು ಶೇಕಡಾ 3ರ ಆಸುಪಾಸು, ಅದೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕರಿಮೆಣಸಿನ ಪೈಪರಿನ್ ಸೇರಿಸಿದರೆ ಇಪ್ಪತ್ತು ಪಟ್ಟು ಏರುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ತೋರಿಸಿದರು. ಅದನ್ನು ಹಿಡಿದು ಈಗ ಎಲ್ಲ ಕ್ಯಾಪ್ಸೂಲಿಗೂ ಪೈಪರಿನ್ ಹಾಕುತ್ತಾರೆ. ಹೀಗೆ ಹೀರಿಕೆ ಏರಿಸಿದ ಕ್ಯಾಪ್ಸೂಲ್‌ಗಳಿಂದ ಲಿವರ್ ಊದಿಕೊಂಡ ವರದಿಗಳೂ ಬಂದಿವೆ, ಇಟಲಿಯಲ್ಲಿ 2019ರಲ್ಲಿ ಸರ್ಕಾರವೇ ಎಚ್ಚರಿಸಿತು. ಸಾರಿಗೆ, ಮೀನಿಗೆ ಹಾಕುವ ಅರಿಶಿನಕ್ಕೆ ಹೆದರಬೇಕಾಗಿಲ್ಲ. ಕ್ಯಾಪ್ಸೂಲಿಗಾದರೆ ಮೊದಲು ಲಿವರ್ ಪರೀಕ್ಷೆ ಮಾಡಿಸಿ.

ಚಕ್ಕೆಯಿಂದ ಶುಗರ್ ಸ್ವಲ್ಪ ಇಳಿಯಬಹುದು. ಆದರೆ ಅಂಗಡಿಯಲ್ಲಿ ಸಿಗುವ ದಪ್ಪ, ಒರಟು ಚಕ್ಕೆ ಕ್ಯಾಸಿಯಾ. ಅದರಲ್ಲಿ ಲಿವರಿಗೆ ಆಗದ ಕೂಮರಿನ್ ಇದೆ. 60 ಕೆಜಿ ತೂಕದವರಿಗೆ ದಿನಕ್ಕೆ 6 ಮಿಲಿಗ್ರಾಂ ಮಿತಿ. ಒಂದು ಟೀ ಚಮಚ ಪುಡಿಯಲ್ಲೇ ಅದು ದಾಟಬಹುದು. ದಿನಾ ತಿನ್ನುವುದಾದರೆ ಕಾಗದದಂತೆ ತೆಳು ಪದರಗಳ ಸುರುಳಿ ಇರುವ ಸಿಲೋನ್ ದಾಲ್ಚಿನ್ನಿ ಹುಡುಕಿ.

ಹುಳಿಗಳು: ಇಲ್ಲಿ ಎಚ್ಚರ ಬೇಕು

ಡ್ರೈವರ್ ಅಣ್ಣನ ಹಸಿರು ಡಬ್ಬಿಯನ್ನು ತಿರುಗಿಸಿ ಓದಿದೆ. ಗಾರ್ಸೀನಿಯಾ, ಗ್ರೀನ್ ಟೀ ಸಾರ. ಗಾರ್ಸೀನಿಯಾ ಅಂದರೆ ನಮ್ಮ ಉಪ್ಪಾಗೆ. ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಕೊಬ್ಬು ಆಗುವುದನ್ನು ತಡೆಯುತ್ತದೆ ಎಂದು ಪ್ರಚಾರ. 1998ರಲ್ಲಿ ಅಮೆರಿಕದಲ್ಲಿ 135 ಜನರಿಗೆ 12 ವಾರ ಕೊಟ್ಟು ನೋಡಿದರು. ಸುಳ್ಳು ಮಾತ್ರೆ ತಿಂದವರಿಗೂ ಇವರಿಗೂ ತೂಕದಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಲಿವರ್ ಕೆಟ್ಟ ವರದಿಗಳು ಇವೆ. ಗ್ರೀನ್ ಟೀ ಸಾರವೂ ಅದರ ಮುಖ್ಯ ಅಂಶ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರಿಗೆ ಭಾರ. ಎರಡೂ ಒಂದೇ ಡಬ್ಬಿಯಲ್ಲಿ! ಅದನ್ನು ವಾಪಸ್ ಕಳಿಸಿ ಎಂದೆ.

ಪುನರ್ಪುಳಿ (ಕೋಕಂ) ಕೂಡ ಇದೇ ಕುಲದ್ದು. ಸಾರು ಮಾಡಿ, ಸಿಪ್ಪೆ ನೆನೆಸಿ ಉಪ್ಪು ಜಾಸ್ತಿ ಹಾಕದೆ ಕುಡಿಯಿರಿ, ತುಂಬ ಒಳ್ಳೆಯದು. ಬಾಟಲಿಯ ಸಿರಪ್ ಬೇಡ. ಅದರಲ್ಲಿ ಹುಳಿಗಿಂತ ಸಕ್ಕರೆಯೇ ಜಾಸ್ತಿ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಬಿಂಬುಳಿ. ಮಂಗಳೂರು, ಉಡುಪಿಯಲ್ಲಿ ಬಾವಿಕಟ್ಟೆಯ ಹತ್ತಿರ, ಕಾಂಡಕ್ಕೇ ಗೊಂಚಲು ಅಂಟಿಕೊಂಡ ಮರ ಎಷ್ಟು ಮನೆಯಲ್ಲಿ ಇಲ್ಲ? ಮೀನಿನ ಸಾರಿಗೆ ನಾಲ್ಕು ಹಾಕಿದರೆ ಏನೂ ಆಗದು. ಆದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಹಿಂಡಿ ಲೋಟಗಟ್ಟಲೆ ಕುಡಿಯುತ್ತಾರೆ. ಬಿಂಬುಳಿಯ ತುಂಬ ಆಕ್ಸಲೇಟ್. ಅದು ಕಿಡ್ನಿಯಲ್ಲಿ ಹರಳುಗಟ್ಟುತ್ತದೆ. ಕೇರಳದಲ್ಲಿ ಹೀಗೆ ರಸ ಕುಡಿದು ಕಿಡ್ನಿ ಕೈಕೊಟ್ಟ 10 ಜನರ ವಿವರವನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ ಏಳು ಜನರಿಗೆ ಡಯಾಲಿಸಿಸ್ ಬೇಕಾಯಿತು. ದಯವಿಟ್ಟು ಬಿಂಬುಳಿ ರಸ ಕುಡಿಯಬೇಡಿ. ಅತ್ತೆ, ಅಮ್ಮ, ಪಕ್ಕದ ಮನೆಯವರಿಗೂ ಹೇಳಿ.

ಬಿಪಿಗೆ ಏನು?

ಕೆಂಪು ಪುಂಡಿಯ ಹೂವಿನ ಬುಡವನ್ನು ಸುತ್ತಿರುವ ಕೆಂಪು ಎಸಳುಗಳ ಚಹಾ. 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ದಿನಕ್ಕೆ ಮೂರು ಕಪ್ ಆರು ವಾರ ಕುಡಿದವರ ಮೇಲಿನ ಬಿಪಿ ಸುಮಾರು 7 ಇಳಿದಿತ್ತು. ಇದು ಅಂಗಳದ ದಾಸವಾಳ ಅಲ್ಲ, ಅದೇ ಕುಲದ ಬೇರೆ ಗಿಡ. ಆದರೆ ಒಣಮೀನು, ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ತಟ್ಟೆಯಲ್ಲಿ ಇರುವವರೆಗೆ ಯಾವ ಚಹಾ ಕುಡಿದರೂ ಅಷ್ಟೇ. ಕಷಾಯದ ಪುಡಿಯಲ್ಲಿ ಜೇಷ್ಠಮಧು ಇದೆಯೇ ನೋಡಿ. ಗಂಟಲಿಗೆ ಹಿತ, ದಿನಾ ಕುಡಿದರೆ ಬಿಪಿ ಏರಿಸುತ್ತದೆ, ಪೊಟಾಸಿಯಂ ಇಳಿಸುತ್ತದೆ.

ಹೇಗೆ ಶುರು ಮಾಡುವುದು

ಒಂದು ಸಲಕ್ಕೆ ಒಂದೇ ಆರಿಸಿ. ಮೂರು ಸೇರಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ತೊಂದರೆ ಎಂದು ಗೊತ್ತಾಗುವುದಿಲ್ಲ. ಮೂರು ತಿಂಗಳ ನಂತರ ಅದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಎಚ್‌ಬಿಎ1ಸಿ ತೋರಿಸುವುದು ಸುಮಾರು ಮೂರು ತಿಂಗಳ ಸರಾಸರಿ. ಶುಗರ್ ಮಾತ್ರೆ ತಿನ್ನುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಶುಗರ್ ಜಾಸ್ತಿ ಇಳಿದು ಬೆವರು, ನಡುಕ ಬರಬಹುದು. ಏಕನಾಯಕ ಅಥವಾ ವೋಗ್ಲಿಬೋಸ್ ತೆಗೆದುಕೊಳ್ಳುವವರು ಆಗ ಸಕ್ಕರೆ ತಿಂದರೆ ಬೇಗ ಕೆಲಸ ಮಾಡದು, ಅದು ಒಡೆಯಲು ಅದೇ ಕಿಣ್ವ ಬೇಕು. ಗ್ಲುಕೋಸ್ ಪುಡಿಯನ್ನೇ ಮನೆಯಲ್ಲಿ ಇಡಿ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಡಾಕ್ಟರಿಗೆ ತಿಳಿಸಿ ಈ ಗಿಡದ ಔಷಧ ನಿಲ್ಲಿಸಿ.

ಆ ಅಣ್ಣ ಡಾಕ್ಟರನ್ನು ಕಂಡರು. ಮೂರು ತಿಂಗಳು ಊಟ, ನಡಿಗೆ ನೋಡೋಣ ಎಂದರಂತೆ. ಬೇರನ್ನು ಪಕ್ಕಕ್ಕಿಟ್ಟು ಮೆಂತ್ಯ ಶುರು ಮಾಡಿದರು, ಅಗಿದು ತಿನ್ನುವ ರೀತಿಯಲ್ಲೇ. ರಾತ್ರಿಯ ಎರಡು ಪೆಗ್ ಬಿಟ್ಟರು. ದೀಪಾವಳಿಯ ಮರುವಾರ ರಿಪೋರ್ಟ್ ತಂದರು. ಟ್ರೈಗ್ಲಿಸರೈಡ್ 158, ಅದರಲ್ಲಿ ಪೆಗ್ ಬಿಟ್ಟದ್ದರ ಪಾಲು ದೊಡ್ಡದು. ಶುಗರ್ 103. ಸೊಂಟ 94. ಎಚ್‌ಡಿಎಲ್ 37, ಅಲ್ಲಾಡಿರಲಿಲ್ಲ. ಬಿಪಿ ಮಾತ್ರ 142/90. ಡಾಕ್ಟರ್ ಒಂದು ಮಾತ್ರೆ ಬರೆದಿದ್ದರು. ಚೀಟಿ ಕೊಟ್ಟು, "ಇದು ತಗೊಳ್ತೇನೆ ಅಕ್ಕ, ಮೆಂತ್ಯವೂ ಬಿಡುವುದಿಲ್ಲ" ಎಂದರು. ಎರಡರ ನಡುವೆ ಎಷ್ಟು ಹೊತ್ತು ಬಿಡಬೇಕು ಎಂದು ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ಬರೆದು ಕೊಟ್ಟೆ.